ಹಾಡು ಉಳಿಯಿತು, ಮಾತು ಎಲ್ಲಿ ಹೋಯಿತು?

(ಗಜೇಂದ್ರಗಡದಲ್ಲಿ ಬಯಲಾಟದ ಕಲಾವಿದರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ದೊಡ್ಡಾಟದ ಬಗ್ಗೆ ನಾಲ್ಕು ಮಾತು ಹೇಳಿರಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಜಪಾನಿನ ಒಂದು ಆಟದಿಂದ ಮಾತು ಆರಂಭಿಸಿದರೆ ದಾರಿ ತಪ್ಪಿದೆನೆಂದು ತಿಳಿಯಬೇಡಿ. ಇದಕ್ಕೆ ಕಾರಣ ನನ್ನ ತಂಗಿಯ ಮಗ. ರಜೆಗೆ ರೋಣಕ್ಕೆ ಬಂದಿದ್ದ ಹುಡುಗ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಮೊಬೈಲಿನಲ್ಲಿ ಏನನ್ನೋ ಆಡುತ್ತಿದ್ದ. ಇಣುಕಿ ನೋಡಿದೆ. ಯುದ್ಧವಿಲ್ಲ, ಓಟವಿಲ್ಲ. ಒಂದು ಪುಟ್ಟ ಊರು. ಅದರ ಓಣಿಗಳಲ್ಲಿ ನಾಯಕನನ್ನು ತಿರುಗಾಡಿಸುತ್ತ, ಎದುರಾದ ಪ್ರತಿಯೊಬ್ಬರನ್ನೂ ಮಾತನಾಡಿಸುತ್ತಿದ್ದಾನೆ. ಒಬ್ಬ ಮುದುಕಿಯ ಬಳಿಗೆ ಎರಡು ಸಲ ಹೋದ. ‘ಆಕೀ ಮಾತು ಮುಗೀತಲ್ಲೋ, ಮತ್ಯಾಕ ಹೋದಿ?’ ಎಂದೆ. ‘ಮಾಮಾ, ಎಲ್ಲಾರ್ನೂ ಎರಡೆರಡು ಸಲ ಮಾತಾಡಸ್ಬೇಕು. ಒಮ್ಮೆ ಕೇಳಿದ್ರ ಖರೇ ಮಾತು ಹೊರಗ ಬರಂಗಿಲ್ಲ’ ಎಂದ.

ಆ ಮಾತು ನನ್ನನ್ನು ಚುಚ್ಚಿತು. ಏಕೆಂದು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಈ ಆಟದ ಸ್ವರೂಪವನ್ನು ತಿಳಿಯೋಣ.

ಇದನ್ನು ‘ಪಾತ್ರ ವಹಿಸುವ ಆಟ’ ಎನ್ನುತ್ತಾರೆ. ಆಡುವವನು ಕಥೆಯೊಳಗೆ ಒಂದು ಪಾತ್ರವಾಗಿ ಇಳಿದು, ಊರೂರು ಸುತ್ತಿ, ಸಂಗಾತಿಗಳನ್ನು ಕೂಡಿಸಿಕೊಂಡು ಕಥೆಯನ್ನು ಮುಂದಕ್ಕೆ ನಡೆಸಬೇಕು. ಜಪಾನಿನಲ್ಲಿ ಇದನ್ನು ಮನೆಮಾತಾಗಿಸಿದ್ದು 1986ರಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’. ಅದನ್ನು ರೂಪಿಸಿದವರು ಯೂಜಿ ಹೋರಿಯಿ. ಆ ಮೊದಲ ಆಟದಲ್ಲಿ ಯಾರನ್ನಾದರೂ ಮಾತನಾಡಿಸಬೇಕಾದರೆ ಪಟ್ಟಿಯಿಂದ ‘ಮಾತನಾಡು’ ಎಂಬ ಆಜ್ಞೆಯನ್ನು ಆರಿಸಿ, ಬಳಿಕ ಮೂಡಣವೋ ಪಡುವಣವೋ, ಯಾವ ದಿಕ್ಕಿನವರೊಡನೆ ಎಂಬುದನ್ನೂ ಹೇಳಬೇಕಾಗಿತ್ತು. ಕತ್ತಿ ಬೀಸುವುದಕ್ಕೆ ಎಷ್ಟು ಮಹತ್ವವೋ ಮಾತನಾಡಿಸುವುದಕ್ಕೂ ಅಷ್ಟೇ ಮಹತ್ವ. ನಿಧಿ ಎಲ್ಲಿದೆ, ಬಾಗಿಲು ಹೇಗೆ ತೆರೆಯುತ್ತದೆ ಎಂಬುದು ಯಾವನೋ ಸಾಮಾನ್ಯ ಊರಿನವನ ಬಾಯಲ್ಲಿ ಅಡಗಿರುತ್ತದೆ.

ಬರಬರುತ್ತ ಈ ಅಡಗಿದ ಮಾತು ಒಂದು ಕಲೆಯಾಗಿಯೇ ಬೆಳೆಯಿತು. 1995ರ ‘ಕ್ರೋನೊ ಟ್ರಿಗರ್’ ಎಂಬ ಆಟ ಒಂದು ಜಾತ್ರೆಯಿಂದ ಶುರುವಾಗುತ್ತದೆ. ಜಾತ್ರೆಯಲ್ಲಿ ಆಡುವವನು ತನಗೆ ತೋಚಿದಂತೆ ನಡೆದುಕೊಳ್ಳುತ್ತಾನೆ. ಯಾರದೋ ಊಟದ ಗಂಟು ಅಲ್ಲಿದ್ದರೆ ತಿಂದುಬಿಡುತ್ತಾನೆ. ಪುಟ್ಟ ಹುಡುಗಿಯ ಬೆಕ್ಕು ಕಳೆದಿದ್ದರೆ ಹುಡುಕಿಕೊಡುತ್ತಾನೆ, ಇಲ್ಲವೆ ಸುಮ್ಮನೆ ಮುಂದೆ ಹೋಗುತ್ತಾನೆ. ಯಾರೂ ನೋಡಲಿಲ್ಲ ಎಂದೇ ಅವನ ಭಾವನೆ. ಮುಂದೆ ನಾಯಕನ ಮೇಲೆ ರಾಜಕುಮಾರಿಯನ್ನು ಅಪಹರಿಸಿದ ಆರೋಪ ಬಂದು ವಿಚಾರಣೆ ನಡೆಯುವಾಗ ಅದೇ ಮುದುಕ, ಅದೇ ಹುಡುಗಿ ಸಾಕ್ಷಿಗೆ ಬರುತ್ತಾರೆ. ಅವರು ಏನು ಹೇಳುತ್ತಾರೆಂಬುದು ಜಾತ್ರೆಯಲ್ಲಿ ನೀವು ನಡೆದುಕೊಂಡ ರೀತಿಯನ್ನು ಅವಲಂಬಿಸಿದೆ. ಇಬ್ಬರು ಆಡಿದರೆ ಇಬ್ಬರಿಗೂ ಬೇರೆ ಬೇರೆ ಮಾತು ಕೇಳಿಸುತ್ತದೆ.

1997ರ ‘ಫೈನಲ್ ಫ್ಯಾಂಟಸಿ 7’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ನಾಯಕ ಕ್ಲೌಡ್‌ಗೆ ತನ್ನ ಪೂರ್ವವೃತ್ತಾಂತದ ನೆನಪು ಕಲಸಿಹೋಗಿದೆ. ಅವನನ್ನು ಕಾಪಾಡಿ ಪ್ರಾಣ ಕಳೆದುಕೊಂಡ ಗೆಳೆಯ ಜ್ಯಾಕ್‌ನ ಕಡೆಯ ಪ್ರಯಾಣದ ದೃಶ್ಯವೊಂದು ಆ ಆಟದಲ್ಲಿದೆ. ಆದರೆ ಕಥೆಯ ಬಹುಭಾಗ ಕಳೆದ ಮೇಲೆ, ಯಾರೂ ಹೇಳದಿದ್ದರೂ, ತಾನಾಗಿ ಒಂದು ಹಳೆಯ ಮನೆಯ ನೆಲಮಾಳಿಗೆಗೆ ಮರಳಿ ಹೋದವನಿಗೆ ಮಾತ್ರ ಅದು ಕಾಣುತ್ತದೆ. ಹೋಗದಿದ್ದರೂ ಆಟ ಮುಗಿಯುತ್ತದೆ. ಕಥೆ ತಿಳಿದವನಿಗೂ ಕಥೆಯ ನೋವು ತಿಳಿದವನಿಗೂ ಇರುವ ಅಂತರ ಈ ಒಂದು ನೆಲಮಾಳಿಗೆಯಷ್ಟೆ.

ಇನ್ನು ನಮ್ಮ ಅಟ್ಟಕ್ಕೆ ಬರೋಣ. ದೊಡ್ಡಾಟದಲ್ಲಿ ಗಣಪತಿಯ ಸ್ತುತಿ ಮುಗಿದು, ಮದ್ದಳೆ ಕಾವೇರಿ, ಕಿರೀಟ ಭುಜಕೀರ್ತಿ ಧರಿಸಿದ ರಾಜನೋ ರಾಕ್ಷಸನೋ ಕುಣಿಯುತ್ತ ಪ್ರವೇಶ ಮಾಡುತ್ತಾನೆ. ಅವನು ಯಾರೆಂದು ಪ್ರೇಕ್ಷಕರಿಗೆಲ್ಲ ಗೊತ್ತು. ಆದರೂ ಅವನು ತಾನಾಗಿ ಹೇಳುವಂತಿಲ್ಲ. ಸಾರಥಿ ಮುಂದೆ ಬಂದು ಕೇಳಬೇಕು: ತಾವು ಯಾರು, ಯಾವ ಪಟ್ಟಣ, ಬಂದ ಕಾರಣವೇನು? ಕೇಳಿದ ಮೇಲೆ ಪಾತ್ರ ಬಾಯಿ ಬಿಡುತ್ತದೆ. ಸಾರಥಿ ಅಲ್ಲಿಗೆ ಬಿಡುವುದಿಲ್ಲ, ಮತ್ತೊಮ್ಮೆ ಕೆಣಕುತ್ತಾನೆ. ಮೂರು ಲೋಕ ಗೆದ್ದೆನೆಂದ ದೊರೆಯನ್ನು ನಮ್ಮೂರ ಸಂತೆಯಲ್ಲಿ ಜೋಳದ ಧಾರಣೆ ಎಷ್ಟೆಂದು ಕೇಳುತ್ತಾನೆ. ದೊರೆ ತಡವರಿಸುತ್ತಾನೆ, ಜನ ನಗುತ್ತಾರೆ, ಆ ನಗೆಯ ಹಿಂದೆಯೇ ದೊರೆ ತನ್ನ ಮನಸ್ಸಿನ ಮಾತನ್ನು ಹೇಳಿಬಿಡುತ್ತಾನೆ. ಜಪಾನಿನ ಆಟ ಪಟ್ಟಿಯಲ್ಲಿ ಬರೆದಿಟ್ಟ ‘ಮಾತನಾಡು’ ಎಂಬ ಆಜ್ಞೆಗೆ ನಮ್ಮ ಹಿರಿಯರು ಕೈಕಾಲು ಕೊಟ್ಟು, ಸಾರಥಿ ಎಂದು ಹೆಸರಿಟ್ಟು ಅಟ್ಟದ ಮೇಲೆ ನಿಲ್ಲಿಸಿದ್ದರು.

ಈ ಪರಂಪರೆಯ ರಚನೆಯಲ್ಲಿ ಒಂದು ವಿಶೇಷವಿದೆ. ಆಟ ಎರಡು ಪದರಗಳಿಂದ ಆದದ್ದು. ಮೊದಲನೆಯದು ಪದ, ಅಂದರೆ ಹಾಡು. ಅದು ಮಾಸ್ತರರ ಪ್ರತಿಯಲ್ಲಿ ಬರೆದಿರುತ್ತದೆ, ತಾಲೀಮಿನಲ್ಲಿ ಬಾಯಿಪಾಠವಾಗುತ್ತದೆ, ಹಿಮ್ಮೇಳ ಅದನ್ನು ಎತ್ತಿ ಹಾಡುತ್ತದೆ. ಎರಡನೆಯದು ಮಾತು. ಪ್ರತಿಯಲ್ಲಿ ಇರುವ ಮಾತು ಅಲ್ಪ. ಅಟ್ಟದ ಮೇಲೆ ಆಡುವ ಮಾತು ಅದರ ಎಷ್ಟೋ ಪಟ್ಟು. ಸಣ್ಣಾಟಗಳಲ್ಲಂತೂ ಹಾಡು ಮಾತ್ರ ಸ್ಥಿರ. ಎರಡು ಹಾಡುಗಳ ನಡುವಿನ ಮಾತನ್ನು ಪಾತ್ರಧಾರಿ ಅಂದಂದಿನ ರಾತ್ರಿಗೆ ತಕ್ಕಂತೆ ಹೆಣೆಯುತ್ತಾನೆ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದುಬಂದ ‘ಶ್ರೀಕೃಷ್ಣ ಪಾರಿಜಾತ’ದ ಪದಗಳು ಅಚ್ಚಾಗಿವೆ. ಆದರೆ ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರನ್ನು ನೋಡಲು ಜನ ಚಕ್ಕಡಿ ಕಟ್ಟಿಕೊಂಡು ಬಂದದ್ದು ಪುಸ್ತಕದಲ್ಲಿದ್ದ ಪದಗಳಿಗಾಗಿ ಮಾತ್ರವಲ್ಲ. ಆ ಪದ ಮುಗಿದ ಬಳಿಕ ಪಾತ್ರದ ಬಾಯಿಂದ ಏನು ಬರುತ್ತದೆ ಎಂಬ ಕುತೂಹಲಕ್ಕಾಗಿಯೂ.

‘ಸಂಗ್ಯಾ ಬಾಳ್ಯಾ’ವನ್ನೇ ನೋಡಿ. ಬೈಲಹೊಂಗಲದ ಕಡೆ ನಡೆದ ಕೊಲೆಯೊಂದರ ಕಥೆ ಅದು. ಇಂಗ್ಲಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸತೊಡಗಿದ. ಸಂಗೊಳ್ಳಿ ರಾಯಣ್ಣ, ಹಲಗಲಿ ಬೇಡರ ಲಾವಣಿಗಳೊಂದಿಗೆ ಸಂಗ್ಯಾನ ಲಾವಣಿಯೂ ಅವುಗಳಲ್ಲಿದೆ. ಹೀಗೆ ಕಥೆ ಉಳಿಯಿತು, ಹಾಡೂ ಉಳಿಯಿತು. ಆದರೆ ಗಂಡ ಈರ್ಯಾ ಮತ್ತು ಗೆಳೆಯ ಸಂಗ್ಯಾ ಇವರ ನಡುವೆ ಸಿಕ್ಕಿಬಿದ್ದ ಗಂಗಿ ತನ್ನ ಬಗ್ಗೆ ತಾನು ಏನು ಹೇಳಿಕೊಂಡಳು? ಒಂದು ಮೇಳದ ಗಂಗಿ ಅಳುತ್ತಾಳೆ, ಇನ್ನೊಂದು ಮೇಳದ ಗಂಗಿ ಊರಿನವರನ್ನೇ ಪ್ರಶ್ನಿಸುತ್ತಾಳೆ. ಹಾಡು ಒಂದೇ, ಹೆಣ್ಣು ಬೇರೆ. ಆ ಬೇರೆತನವೆಲ್ಲ ಮಾತಿನಲ್ಲಿತ್ತು.

ಇಲ್ಲಿ ಜಪಾನಿನಿಂದ ನಾವು ಕಲಿಯಬೇಕಾದ ಒಂದು ಪಾಠವಿದೆ. ‘ಡ್ರ್ಯಾಗನ್ ಕ್ವೆಸ್ಟ್’ ಮಾಲೆಯ ನಾಲ್ಕನೆಯ ಆಟ ಬಂದದ್ದು 1990ರಲ್ಲಿ. ಅದರಲ್ಲಿ ತೊರ್ನೆಕೊ ಎಂಬ ವ್ಯಾಪಾರಿಯ ಕಥೆಗೇ ಒಂದು ಅಧ್ಯಾಯ ಮೀಸಲು. ಹೆಂಡತಿ ಮಗನನ್ನು ಸಾಕುವುದಕ್ಕಾಗಿ ಅವನು ಆಯುಧದ ಅಂಗಡಿಯಲ್ಲಿ ಕೂಲಿಗೆ ನಿಂತು, ಗಿರಾಕಿಗಳಿಗೆ ಮಾಲು ತೋರಿಸುತ್ತಾನೆ. ಪೇಟೆಯ ಊರಾದ ಗಜೇಂದ್ರಗಡದವರಿಗೆ ಇವನು ಅಪರಿಚಿತನಲ್ಲ. 2001ರಲ್ಲಿ ಈ ಆಟವನ್ನು ಜಪಾನಿನಲ್ಲಿ ಹೊಸದಾಗಿ ತಂದಾಗ ಒಂದು ಸೌಲಭ್ಯ ಸೇರಿಸಿದರು. ದಾರಿಯಲ್ಲಿ ಎಲ್ಲಿ ಬೇಕಾದರೂ ನಿಂತು ಸಂಗಾತಿಗಳನ್ನು ಮಾತನಾಡಿಸಬಹುದು. ಆ ಊರಿನ ಬಗ್ಗೆ, ಆಗತಾನೆ ನಡೆದ ಘಟನೆಯ ಬಗ್ಗೆ ತೊರ್ನೆಕೊ ಒಂದು ಹೇಳುತ್ತಾನೆ, ಮುದಿ ಮಾಂತ್ರಿಕ ಮತ್ತೊಂದು ಹೇಳುತ್ತಾನೆ. ಕಥೆಗೆ ಇದರಿಂದ ಏನೂ ಆಗಬೇಕಾಗಿಲ್ಲ. ಇದು ಬರೀ ದಾರಿಯ ಹರಟೆ.

ಮುಂದೆ 2008ರಲ್ಲಿ ಕೈಯಲ್ಲಿ ಹಿಡಿಯುವ ಯಂತ್ರಕ್ಕಾಗಿ ಈ ಆಟದ ಇಂಗ್ಲಿಷ್ ಅನುವಾದ ಬಂದಾಗ ಆ ಹರಟೆಯೇ ಇರಲಿಲ್ಲ. ಜಪಾನಿ ಆವೃತ್ತಿಯಲ್ಲಿದ್ದ ಸಂಗಾತಿಗಳು ಇಂಗ್ಲಿಷಿನಲ್ಲಿ ಮೂಕರಾಗಿ ಹಿಂದೆ ಹಿಂದೆ ನಡೆಯುತ್ತಿದ್ದರು. ಕಥೆಯಲ್ಲಿ ಒಂದು ಎಳೆಯೂ ಕಡಿಮೆಯಾಗಿರಲಿಲ್ಲ. ಆದರೂ ಎರಡನ್ನೂ ಬಲ್ಲ ಆಟಗಾರರು ಇದು ಅರ್ಧ ಆಟವೆಂದರು. 2014ರ ಮೊಬೈಲ್ ಆವೃತ್ತಿಯಲ್ಲಿ ಆ ಮಾತುಗಳನ್ನು ಅನುವಾದಿಸಿ ಸೇರಿಸಲಾಯಿತು. ಕಥೆಗೆ ಬೇಡವಾದ ಮಾತೇ ಪಾತ್ರವನ್ನು ಮನುಷ್ಯನನ್ನಾಗಿ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈಗ ನಾವು ಬಯಲಾಟಕ್ಕೆ ಮಾಡುತ್ತಿರುವುದೇನು? ಬೆಳಗಿನವರೆಗೆ ನಡೆಯುತ್ತಿದ್ದ ಆಟವನ್ನು ಉತ್ಸವಗಳ ವೇದಿಕೆಗೆ ಎರಡು ಗಂಟೆಗೆ, ಕೆಲವೊಮ್ಮೆ ಅರ್ಧ ಗಂಟೆಗೆ ಇಳಿಸುತ್ತೇವೆ. ಕತ್ತರಿ ಮೊದಲು ಬೀಳುವುದು ಮಾತಿನ ಮೇಲೆ. ಕುಣಿತ ಇರಲಿ, ವೇಷ ಇರಲಿ, ಎರಡು ಹಾಡು ಇರಲಿ, ಮಾತು ಸಾಕು ಎನ್ನುತ್ತೇವೆ. ಪುಸ್ತಕ ಮಾಡುವವರೂ ಪದಗಳನ್ನು ಶುದ್ಧಪಡಿಸಿ ಅಚ್ಚು ಹಾಕಿಸಿ, ಮಾತಿನ ಜಾಗದಲ್ಲಿ ಒಂದೆರಡು ಸಾಲು ಬರೆದು ಮುಗಿಸುತ್ತಾರೆ. 2008ರ ಅನುವಾದದಲ್ಲಿ ಆದದ್ದೂ ಇದೇ ಅಲ್ಲವೆ?

ಆದರೆ ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಯಂತ್ರದ ಆಟದಲ್ಲಿ ಅಡಗಿದ ಮಾತು ಎಲ್ಲಿಗೂ ಹೋಗುವುದಿಲ್ಲ. ಹತ್ತು ವರ್ಷ ಯಾರೂ ಆ ನೆಲಮಾಳಿಗೆಗೆ ಹೋಗದಿದ್ದರೂ ಮಾತು ಅಲ್ಲೇ ಕಾದಿರುತ್ತದೆ. ಆಟದ ಕಡತಗಳನ್ನೇ ಬಿಚ್ಚಿ ನೋಡಿ, ತೆರೆಯ ಮೇಲೆ ಎಂದೂ ಬಾರದ ಸಂಭಾಷಣೆಗಳನ್ನು ಹೊರತೆಗೆಯುವ ಹವ್ಯಾಸಿಗಳು ಜಗತ್ತಿನಲ್ಲೆಲ್ಲ ಇದ್ದಾರೆ. ನಮ್ಮ ಸಾರಥಿಯ ಮಾತಿಗೆ ಅಂಥ ಕಡತವಿಲ್ಲ. ಅದು ಇರುವುದು ಅವನ ನಾಲಗೆಯ ಮೇಲೆ.

ಹುಡುಗನ ಮಾತು ನನ್ನನ್ನು ಏಕೆ ಚುಚ್ಚಿತೆಂದು ಹೇಳುತ್ತೇನೆಂದಿದ್ದೆ. ಅನೇಕ ವರ್ಷಗಳ ಹಿಂದೆ ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ತಾಲೀಮು ನಡೆಯುತ್ತಿತ್ತು. ನಾನು ನೋಟುಬುಕ್ಕು ಹಿಡಿದು ಹಲವು ರಾತ್ರಿ ಕುಳಿತು ಪದಗಳನ್ನೆಲ್ಲ ಬರೆದುಕೊಂಡೆ. ಸಾರಥಿ ಮಾಡುವವರು ಅರವತ್ತು ದಾಟಿದ ರೈತರು. ಕೊನೆಯ ದಿನ ಅವರು ನನ್ನ ಪುಸ್ತಕ ತಿರುವಿಸಿ ಕೇಳಿದರು: ‘ಹಾಡೆಲ್ಲಾ ಬರಕೊಂಡ್ರಿ. ಮಾತ ಯಾಕ ಬಿಟ್ರಿ?’ ನಾನು ಓದಿದವನ ಜಂಬದಲ್ಲಿ, ‘ಮಾತು ದಿನಾ ಬ್ಯಾರೆ ಬ್ಯಾರೆ ಇರತಾವಲ್ರಿ ಯಜಮಾನ್ರ, ಯಾವದನ್ನ ಬರಕೊಳ್ಳಲಿ?’ ಎಂದೆ. ಅವರು ನಕ್ಕು, ‘ಹಾಡು ಎಲ್ಲೂ ಹೋಗಂಗಿಲ್ರಿ. ದಿನಾ ಬ್ಯಾರೆ ಆಗೂದನ್ನ ಅಲ್ಲೇನ್ರಿ ಬರಕೋಬೇಕಾದ್ದು?’ ಎಂದರು. ಮುಂದಿನ ವರ್ಷ ಬರುತ್ತೇನೆಂದು ಹೇಳಿ ಬಂದೆ. ಹೋಗುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು, ಅವರು ಇರಲಿಲ್ಲ. ಹೊಸ ಸಾರಥಿ ಪುಸ್ತಕದಲ್ಲಿದ್ದ ಮೂರು ಪ್ರಶ್ನೆ ಕೇಳಿ ಪಕ್ಕಕ್ಕೆ ಸರಿದ. ತಪ್ಪು ಅವನದಲ್ಲ. ಎರಡನೆಯ ಸಲ ಕೇಳದೆ ಬಂದವನು ನಾನು.

ಮಾತನ್ನು ಬರೆದಿಟ್ಟರೆ ಅದು ಸತ್ತುಹೋಗುತ್ತದೆ, ಮುಂದಿನವರು ಅದನ್ನೇ ಉರುಹೊಡೆಯುತ್ತಾರೆ ಎಂಬ ಆಕ್ಷೇಪವುಂಟು. ಇದರಲ್ಲಿ ಸತ್ಯವಿದೆ. ಅದಕ್ಕಾಗಿಯೇ ಒಂದು ರಾತ್ರಿಯ ಮಾತನ್ನು ‘ಶುದ್ಧಪಾಠ’ ಎಂದು ಸ್ಥಾಪಿಸಬಾರದು. ಒಂದೇ ಆಟವನ್ನು ಮೂರು ಊರಲ್ಲಿ, ಮೂರು ರಾತ್ರಿ ಧ್ವನಿಮುದ್ರಿಸಬೇಕು. ಹಳೆಯ ಮಾತೆಲ್ಲ ಚಿನ್ನವೆಂದೂ ನಾನು ಹೇಳುವುದಿಲ್ಲ. ಹೆಣ್ಣನ್ನು, ಕೆಳಜಾತಿಯವರನ್ನು ಹೀಯಾಳಿಸುವ ಹಾಸ್ಯ ಅದರಲ್ಲಿ ಸಾಕಷ್ಟಿದೆ. ಅದನ್ನು ಮತ್ತೆ ಆಡಬೇಕಿಲ್ಲ; ಆದರೆ ಇತ್ತೆಂಬುದನ್ನು ಮರೆಮಾಚಲೂಬಾರದು. ನಾವು ಯಾವುದಕ್ಕೆ ನಕ್ಕೆವೆಂಬುದೂ ನಮ್ಮ ಚರಿತ್ರೆಯೇ.

1922ರಲ್ಲಿ ಭೀಮಸೇನ ಜೋಶಿಯವರು ಹುಟ್ಟಿದ್ದು ರೋಣದಲ್ಲಿ. ಅವರ ಗಾನ ಧ್ವನಿಮುದ್ರಣಗಳಲ್ಲಿ ಉಳಿದು, ಅವರನ್ನು ಎಂದೂ ಕಾಣದವರೂ ಇಂದು ಕೇಳುತ್ತಾರೆ. ಅದೇ ಸೀಮೆಯ ಸಾರಥಿಗಳ ಮಾತು ಮಾತ್ರ ಗಾಳಿಗೆ ಹೋಯಿತು. ನರಗುಂದದ ಬಾಬಾಸಾಹೇಬರ 1858ರ ಬಂಡಾಯದ ವಿವರ ಸರ್ಕಾರದ ದಾಖಲೆಗಳಲ್ಲಿ ಸಿಗುತ್ತದೆ. ಆ ದಿನಗಳಲ್ಲಿ ಊರಿನ ಕಟ್ಟೆಯ ಮೇಲೆ ಜನ ಏನು ಆಡಿಕೊಂಡರೆಂಬುದು ಸಿಗುವುದಿಲ್ಲ. ದಾಖಲೆ ಯಾವಾಗಲೂ ಹಾಡನ್ನೂ ಘಟನೆಯನ್ನೂ ಹಿಡಿಯುತ್ತದೆ, ನಡುವಿನ ಮಾತನ್ನು ಬಿಡುತ್ತದೆ.

ವಿದ್ಯಾರ್ಥಿ ಮಿತ್ರರೆ, ಫ್ಲೀಟ್‌ನ ಕೈಯಲ್ಲಿದ್ದುದು ಲೇಖನಿ ಮಾತ್ರ. ನಿಮ್ಮ ಕಿಸೆಯಲ್ಲಿ ಧ್ವನಿಯನ್ನು ಹಿಡಿಯುವ ಯಂತ್ರವಿದೆ. ಸುಗ್ಗಿ ಮುಗಿದು ನಿಮ್ಮೂರಲ್ಲಿ ತಾಲೀಮು ಶುರುವಾದಾಗ ಹೋಗಿ ಕುಳಿತುಕೊಳ್ಳಿ. ಪದ ಮುಗಿದೊಡನೆ ಯಂತ್ರ ಆರಿಸಬೇಡಿ. ಆಗಲೇ ಅದರ ಕೆಲಸ ಶುರು. ಊರು, ತಿಂಗಳು, ಯಾವ ಪಾತ್ರ ಎಂಬುದನ್ನು ಬರೆದಿಡಿ. ವಯಸ್ಸಾದ ಪಾತ್ರಧಾರಿಗಳ ಮನೆಗೆ ಹೋಗಿ, ಚಹಾ ಕುಡಿದು, ಆ ಪಾತ್ರ ಹಿಂದೆ ಹೇಗೆ ಮಾತನಾಡುತ್ತಿತ್ತೆಂದು ಕೇಳಿ. ಮೊದಲ ಸಲ ಅವರು ‘ಏನೈತ್ರೀ ಅದರಾಗ, ಎಲ್ಲಾ ಮರತ್ಹೋಗೇತಿ’ ಎನ್ನುತ್ತಾರೆ. ಎದ್ದು ಬಂದುಬಿಡಬೇಡಿ. ಇನ್ನೊಮ್ಮೆ ಕೇಳಿ.