ಕೈಬಂದೂಕನ್ನು ತುಂಬುವ ಕ್ರಮ



ಪಿಸ್ತೂಲನ್ನು ಗುರಿಯಿಟ್ಟು ಹಾರಿಸುವ ಕೌಶಲವನ್ನು ಕುರಿತು ಮಾತನಾಡುವವರು ಬಹುಮಂದಿ ಉಂಟು. ಅದನ್ನು ತುಂಬುವ ಮತ್ತು ಬರಿದುಮಾಡುವ ಕ್ರಮವನ್ನು ಕುರಿತು ಮಾತನಾಡುವವರು ವಿರಳ. ತುಂಬುವುದೆಂದರೆ ಗುಂಡನ್ನು ಒಳಗೆ ಹಾಕುವುದು, ಅದರಲ್ಲಿ ಹೇಳತಕ್ಕದ್ದೇನಿದೆ ಎಂದು ಕೆಲವರಿಗೆ ತೋರಬಹುದು. ಆದರೆ ತುಂಬಿದೆಯೆಂದು ತಿಳಿದ ಆಯುಧದ ವಿಷಯದಲ್ಲಿ ಮನುಷ್ಯನು ಸಹಜವಾಗಿಯೇ ಎಚ್ಚರದಿಂದಿರುತ್ತಾನೆ. ಬರಿದಾಗಿದೆಯೆಂದು ನಂಬಿದ ಆಯುಧವೇ ಮನೆಯೊಳಗೆ ಮಗುವಿನ ಅಥವಾ ಮಿತ್ರನ ಪ್ರಾಣಕ್ಕೆ ಎರವಾಗತಕ್ಕದ್ದು. ಆ ನಂಬಿಕೆ ಎಲ್ಲಿ ತಪ್ಪುತ್ತದೆಂಬುದನ್ನು ಕಾಣಬೇಕಾದರೆ, ಈ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ನೋಡಬೇಕು.

ಮೊದಲು ಹಳೆಯ ಕಾಲದ ಆಯುಧವನ್ನೇ ತೆಗೆದುಕೊಳ್ಳೋಣ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟನು 1836ರಲ್ಲಿ ತನ್ನ ದೇಶದಲ್ಲಿ ರಿವಾಲ್ವರಿಗೆ ಹಕ್ಕುಪತ್ರವನ್ನು ಪಡೆದನು. ನಮ್ಮ ಮಲೆನಾಡಿನವರು ಕೇಪಿನ ಕೋವಿಯನ್ನು ಬಲ್ಲರಷ್ಟೆ. ಕೋಲ್ಟನ 1851ರ ನೌಕಾ ಮಾದರಿಯೂ ಅದೇ ಜಾತಿಯದು. ವ್ಯತ್ಯಾಸವೇನೆಂದರೆ, ಇಲ್ಲಿ ಮದ್ದೂ ಗುಂಡೂ ನಳಿಗೆಯ ಬಾಯಿಂದ ಇಳಿಯುವುದಿಲ್ಲ. ನಳಿಗೆಯ ಹಿಂದೆ ತಿರುಗುವ ಉರುಳೆಯ ಆರು ಮನೆಗಳಿಗೆ ಬೇರೆಬೇರೆಯಾಗಿ ತುಂಬಬೇಕು. ಹಿಂದಿನಿಂದ ಬಡಿಯುವ ಸುತ್ತಿಗೆಗೆ ಹ್ಯಾಮರೆಂದು ಹೆಸರು. ಅದನ್ನು ಅರ್ಧ ಎಳೆದು ನಿಲ್ಲಿಸಿದರೆ ಉರುಳೆ ಕೈಗೆ ತಿರುಗುತ್ತದೆ.

ಮನೆಗೆ ಮೊದಲು ಬೀಳತಕ್ಕದ್ದು ಮದ್ದು. ಅದನ್ನು ಮದ್ದಿನ ಬುರುಡೆಯಿಂದ ನೇರವಾಗಿ ಸುರಿಯಲಾಗದು. ಈಗತಾನೆ ಹಾರಿದ ಮನೆಯಲ್ಲಿ ಒಂದು ಕಿಡಿ ಉಳಿದಿದ್ದರೆ ಬುರುಡೆಯೇ ಕೈಯಲ್ಲಿ ಸಿಡಿಯುವುದು. ಆದುದರಿಂದ ಒಂದು ಸಣ್ಣ ಅಳತೆಗೆ ತೆಗೆದು ಸುರಿಯುವುದು ರೂಢಿ. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು: ಆರು ಮನೆಗಳಿಗೂ ಮದ್ದು ಸಮನಾಗಿ ಬೀಳುತ್ತದೆ. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಮೆಯಾದರೆ ಗುಂಡುಗಳು ಒಂದು ಮೇಲಕ್ಕೂ ಒಂದು ಕೆಳಕ್ಕೂ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಆಗ ಕೈಯನ್ನು ದೂಷಿಸಿ ಫಲವೇನು? ಅನಂತರ ಸೀಸದ ಗುಂಡು. ಅದು ಮನೆಯ ಬಾಯಿಗಿಂತ ಕೂದಲೆಳೆಯಷ್ಟು ದೊಡ್ಡದಾಗಿರಬೇಕು. ನಳಿಗೆಯ ಕೆಳಗಿನ ಸನ್ನೆಯಿಂದ ಒತ್ತಿದಾಗ ಸೀಸದ ತೆಳ್ಳನೆಯ ಬಳೆಯೊಂದು ಹೆರೆದು ಹೊರಬಿದ್ದರೆ, ಗುಂಡು ಬಿಗಿಯಾಗಿ ಕುಳಿತಿದೆಯೆಂದು ಅರ್ಥ. ಗುಂಡು ಮದ್ದಿನ ಮೇಲೆಯೇ ಕೂರಬೇಕು, ನಡುವೆ ತೆರಪಿರಬಾರದು. ತೆರಪಿದ್ದರೆ ಆಯುಧವೇ ಒಡೆಯುವ ಭಯವಿದೆ. ಗುಂಡಿನ ಮೇಲೆ ಕೊಬ್ಬನ್ನೋ ಜಿಡ್ಡನ್ನೋ ಸವರುವರು. ಒಂದು ಮನೆಯ ಬೆಂಕಿ ನೆರೆಮನೆಗೆ ಹಾಯ್ದು ಎರಡು ಮೂರು ಒಟ್ಟಿಗೆ ಹಾರುವ ಅನಾಹುತಕ್ಕೆ ಅದೂ ಒಂದು ತಡೆ. ಹಾರಿದ ಮದ್ದಿನ ಮಸಿಯೂ ಇದರಿಂದ ಮೆತ್ತಗಿರುತ್ತದೆ.

ಎಲ್ಲಕ್ಕಿಂತ ಕಡೆಯಲ್ಲಿ ಕೇಪು. ಆರು ಮನೆಗಳಿಗೂ ಗುಂಡನ್ನೊತ್ತಿ ಮುಗಿಯುವವರೆಗೆ ಒಂದು ಕೇಪನ್ನೂ ಇಡಬಾರದು. ಕೇಪಿಲ್ಲದ ರಿವಾಲ್ವರಿನ ಹ್ಯಾಮರು ಅಕಸ್ಮಾತ್ತಾಗಿ ಜಾರಿದರೂ ಕೆಡುಕಿಲ್ಲ. ಕೇಪನ್ನಿಟ್ಟ ಮೇಲೆ ಕೈಯಿಂದ ಒತ್ತುತ್ತಿರುವ ಗುಂಡೇ ಕೈಯನ್ನು ಒಯ್ಯಬಹುದು. ಇಲ್ಲಿ ಅನುಕ್ರಮವೇ ರಕ್ಷೆಯೆಂಬುದನ್ನು ಗಮನಿಸಬೇಕು. ಅದೇ ಮದ್ದು, ಅದೇ ಗುಂಡು, ಅದೇ ಕೇಪು. ಹಿಂದುಮುಂದಾದ ಮಾತ್ರಕ್ಕೆ ಪ್ರಾಣಾಂತಿಕ. ಈ ಜಾತಿಯ ಆಯುಧಕ್ಕೆ ಕರಿಮದ್ದನ್ನು ಮಾತ್ರ ಹಾಕತಕ್ಕದ್ದು, ಹೊಗೆಯಿಲ್ಲದ ಹೊಸ ಮದ್ದನ್ನು ಎಂದಿಗೂ ಹಾಕತಕ್ಕದ್ದಲ್ಲವೆಂಬ ಮಾತನ್ನೂ ಸೇರಿಸುತ್ತೇವೆ.

ಮದ್ದು, ಗುಂಡು, ಕೇಪು ಮೂರೂ ಒಂದೇ ಲೋಹದ ಚಿಪ್ಪಿನೊಳಗೆ ಅಡಕವಾಗಿ ತೋಟಾ ಬಂದಮೇಲೆ ಕೆಲಸ ಸುಲಭವಾಯಿತು. ಅಪಾಯ ಮಾತ್ರ ಸ್ಥಾನವನ್ನು ಬದಲಾಯಿಸಿತು. ಕೋಲ್ಟ್ ಕಾರ್ಖಾನೆಯ 1873ರ ರಿವಾಲ್ವರಿನಲ್ಲಿ ಹ್ಯಾಮರಿನ ಮೊನೆ ತೋಟಾದ ಬೆನ್ನಿಗೇ ತಾಗಿ ನಿಲ್ಲುತ್ತದೆ. ಕೈಜಾರಿ ಅದು ಕಲ್ಲಿನ ಮೇಲೆ ಬಿದ್ದರೆ ಟ್ರಿಗರನ್ನು ಮುಟ್ಟದೆಯೇ ಹಾರಬಹುದು. ಆದಕಾರಣ ಆರು ಮನೆಗಳಿದ್ದರೂ ಐದನ್ನೇ ತುಂಬುವ ಪದ್ಧತಿ ಏರ್ಪಟ್ಟಿತು. ಹ್ಯಾಮರನ್ನು ಅರ್ಧ ಎಳೆದು, ಪಕ್ಕದ ಬಾಗಿಲನ್ನು ತೆರೆದು, ಒಂದು ಮನೆಗೆ ತೋಟಾವನ್ನಿಟ್ಟು, ಮುಂದಿನದನ್ನು ಬಿಟ್ಟು, ಉಳಿದ ನಾಲ್ಕನ್ನೂ ತುಂಬಿ ಬಾಗಿಲನ್ನು ಮುಚ್ಚುವುದು. ಆಮೇಲೆ ಹ್ಯಾಮರನ್ನು ಪೂರ್ತಿ ಎಳೆದು ಮೆಲ್ಲನೆ ಇಳಿಸಿದರೆ ಅದು ಬರಿಯ ಮನೆಯ ಮೇಲೆಯೇ ಬಂದು ಕೂರುವುದು. ನಮ್ಮ ಚೌಕಾಬಾರದ ಲೆಕ್ಕದಂತಿದೆಯಲ್ಲವೆ! ಆದರೆ ಆ ಆಟದಲ್ಲಿ ಎಣಿಕೆ ತಪ್ಪಿದರೆ ಕಾಯಿ ಮಾತ್ರ ಹೋಗುತ್ತದೆ. ಇಲ್ಲಿ ತಪ್ಪಿದರೆ ಜೀವಂತ ತೋಟಾದ ಮೇಲೆಯೇ ಹ್ಯಾಮರು ಇಳಿಯುತ್ತದೆ. ಆದ್ದರಿಂದ ಎಣಿಸುವಾಗ ಮಾತನಾಡಬಾರದು. ಯಾರಾದರೂ ಕರೆದರೆ ಎಲ್ಲವನ್ನೂ ಹೊರತೆಗೆದು ಮೊದಲಿಂದ ತೊಡಗಬೇಕು. 1973ರಲ್ಲಿ ಅಮೆರಿಕದ ರೂಗರ್ ಕಾರ್ಖಾನೆಯು, ಟ್ರಿಗರನ್ನು ಎಳೆದ ಹೊರತು ಹ್ಯಾಮರಿನ ಏಟು ತೋಟಾಕ್ಕೆ ಮುಟ್ಟದಂತೆ ನಡುವೆ ಒಂದು ಪಟ್ಟಿಯನ್ನಿಡುವ ಏರ್ಪಾಡನ್ನು ತನ್ನ ಇಂಥ ರಿವಾಲ್ವರುಗಳಿಗೆ ತಂದಿತು. ಹಳೆಯ ಮಾದರಿಗಳಿಗೆ ಐದರ ನಿಯಮ ಇಂದಿಗೂ ತಪ್ಪಿದ್ದಲ್ಲ.

ಬ್ರಿಟಿಷ್ ಸೈನ್ಯವು 1887ರಲ್ಲಿ ಅಂಗೀಕರಿಸಿದ ವೆಬ್ಲಿಯು ನಡು ಮುರಿದಂತೆ ಬಾಗಿ ತೆರೆಯುತ್ತದೆ. ಆರು ಮನೆಗಳೂ ಒಮ್ಮೆಗೇ ಕಣ್ಣಿಗೆ ಕಾಣುವುದೇ ಇದರ ದೊಡ್ಡ ಗುಣ. ತೆರೆಯುವಾಗ ಅಳುಕದೆ ಕೊನೆಯವರೆಗೂ ತೆರೆಯಬೇಕು. ಅರೆಮನಸ್ಸಿನಿಂದ ತೆರೆದರೆ ಬರಿಯ ಚಿಪ್ಪೊಂದು ತೋಟಾ ಎತ್ತುವ ನಕ್ಷತ್ರದ ಕೆಳಗೆ ಸಿಕ್ಕಿಕೊಂಡು ಉರುಳೆ ನಿಂತುಹೋಗುವುದು. ಕಾನ್ಪುರದ ಸರಕಾರಿ ಕಾರ್ಖಾನೆಯಿಂದ 2014ರಲ್ಲಿ ಹೊರಬಂದ ‘ನಿರ್ಭೀಕ್’ ಎಂಬ ಪಾಯಿಂಟ್ 32 ರಿವಾಲ್ವರೂ ಹೀಗೆಯೇ ಬಾಗಿ ತೆರೆಯತಕ್ಕದ್ದು. ‘ಪಾಯಿಂಟ್ 32’ ಎಂಬ ಅಂಕಿಯನ್ನು ಮಾತ್ರ ನಂಬಿ ತೋಟಾ ಕೊಳ್ಳಬಾರದು. ಅದೇ ಅಂಕಿಯ ಪಿಸ್ತೂಲಿನ ತೋಟಾ ಬೇರೆ, ರಿವಾಲ್ವರಿನ ತೋಟಾ ಬೇರೆ. ಉದ್ದವೂ ಅಂಚೂ ಬೇರೆ. ಆಯುಧದ ಮೇಲೆ ಕೊರೆದ ಹೆಸರನ್ನೂ ಪೆಟ್ಟಿಗೆಯ ಮೇಲಿನ ಹೆಸರನ್ನೂ ತಾಳೆನೋಡುವುದು ತುಂಬುವ ಕೆಲಸದ ಮೊದಲ ಹೆಜ್ಜೆಯೆಂದೇ ನಾವು ಎಣಿಸುತ್ತೇವೆ.

ಈಗ ತಾನಾಗಿ ತುಂಬಿಕೊಳ್ಳುವ ಪಿಸ್ತೂಲಿಗೆ ಬರೋಣ. ಇದರಲ್ಲಿ ತೋಟಾಗಳು ಹಿಡಿಯೊಳಗಿನ ಮ್ಯಾಗಜೀನಿನಲ್ಲಿರುತ್ತವೆ. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೆ ಮೇಲಿನ ತೋಟಾ ನಳಿಗೆಯ ಮನೆಗೆ ಸೇರುತ್ತದೆ. ಬಿಡುವಾಗ ಕೈಯನ್ನು ಪೂರ್ತಿ ತೆಗೆಯಬೇಕು. ಸ್ಲೈಡಿನ ಜೊತೆ ಕೈಯೂ ಮೆಲ್ಲನೆ ಮುಂದೆ ಹೋದರೆ ತೋಟಾ ಅರ್ಧದಲ್ಲಿ ನಿಲ್ಲುವುದು. ಅತ್ಯಂತ ಕಠಿನವಾದ ಸಂಗತಿಯಿರುವುದು ಬರಿದುಮಾಡುವಾಗ. ಮೊದಲು ಮ್ಯಾಗಜೀನನ್ನು ಹೊರತೆಗೆಯಬೇಕು, ಅನಂತರ ಸ್ಲೈಡನ್ನೆಳೆಯಬೇಕು. ಇದನ್ನು ತಿರುಗುಮುರುಗು ಮಾಡಿದನೆನ್ನಿ: ಸ್ಲೈಡನ್ನೆಳೆದಾಗ ಮನೆಯೊಳಗಿದ್ದ ತೋಟಾ ಹೊರಕ್ಕೆ ಹಾರುತ್ತದೆ, ಅವನು ನೆಲದ ಮೇಲೆ ಬಿದ್ದ ಅದನ್ನು ಕಣ್ಣಾರೆ ಕಂಡು ತೃಪ್ತನಾಗುತ್ತಾನೆ. ಅಷ್ಟರಲ್ಲಿ ಸ್ಲೈಡು ಮುಂದೆ ಹೋಗುತ್ತ ಇನ್ನೊಂದು ತೋಟಾವನ್ನು ಒಳಗೆ ಸೇರಿಸಿದೆ. ಬಳಿಕ ಮ್ಯಾಗಜೀನನ್ನು ತೆಗೆದು ಮೇಜಿನ ಮೇಲಿಡುತ್ತಾನೆ. ಮಾಡತಕ್ಕ ಎರಡು ಕೆಲಸಗಳನ್ನೂ ಮಾಡಿದ್ದಾನೆ. ಪಿಸ್ತೂಲು ಮಾತ್ರ ತುಂಬಿದೆ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಮೋಸವುಂಟು. ಜಾನ್ ಬ್ರೌನಿಂಗನು ಆರಂಭಿಸಿ, ಅವನು 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಮಿನಲ್ಲಿ ಪೂರ್ಣಗೊಂಡ 1935ರ ಪಿಸ್ತೂಲಿನಲ್ಲಿ, ಮ್ಯಾಗಜೀನನ್ನು ಹೊರತೆಗೆದರೆ ಟ್ರಿಗರು ಕೆಲಸಮಾಡದು. ಬ್ರೌನಿಂಗನದೇ ಆದ 1911ರ ಪಿಸ್ತೂಲಿನಲ್ಲಿ ಅಂಥ ತಡೆಯಿಲ್ಲ. ಒಂದರ ಮೇಲೆ ಕೈ ಪಳಗಿಸಿಕೊಂಡವನು ಇನ್ನೊಂದನ್ನು ಹಿಡಿದು, ಮ್ಯಾಗಜೀನು ಹೊರಗಿದೆಯಲ್ಲಾ ಎಂಬ ಧೈರ್ಯದಿಂದ ಟ್ರಿಗರನ್ನೆಳೆದರೆ ಏನಾದೀತೆಂಬುದನ್ನು ಶ್ರೋತೃಗಳು ಊಹಿಸಬಲ್ಲರು. ಯಂತ್ರದೊಳಗಿನ ಉಪಕಾರಕ್ಕಿಂತ ಕಣ್ಣು ಬೆರಳುಗಳ ಪರೀಕ್ಷೆ ಮೇಲೆಂಬುದು ನಮ್ಮ ಅಭಿಪ್ರಾಯ. ಸ್ಲೈಡನ್ನು ಹಿಂದಕ್ಕೆ ನಿಲ್ಲಿಸಿ ಮನೆಯೊಳಕ್ಕೆ ಇಣುಕಿ ನೋಡಬೇಕು; ಕತ್ತಲೆಯಿದ್ದರೆ ಕಿರುಬೆರಳನ್ನಿಟ್ಟು ಮುಟ್ಟಿನೋಡಬೇಕು. ಈ ಹೊತ್ತೆಲ್ಲ ನಳಿಗೆಯ ಬಾಯಿ ಯಾರೂ ಇಲ್ಲದ ದಿಕ್ಕಿಗಿದ್ದು, ತೋರುಬೆರಳು ಟ್ರಿಗರಿನ ಕಾವಲುಬಳೆಯ ಹೊರಗೇ ಇರಬೇಕು. ಗೋಡೆಯಾಚೆ ಮಲಗಿದವರಿದ್ದರೆ ಆ ಗೋಡೆ ಯಾರೂ ಇಲ್ಲದ ದಿಕ್ಕಾಗದು. ಪಟ್ಟಣದ ಮನೆಗಳಲ್ಲಿ ಇದನ್ನು ಮರೆಯುವುದು ಬಹಳ ಸುಲಭ.

ದಿನವೂ ಬೆಳಗ್ಗೆ ತುಂಬಿ ಸಂಜೆ ಬರಿದುಮಾಡುವ ಕಾವಲುಗಾರರಿಗೆ ಇನ್ನೊಂದು ಸೂಚನೆ. ಅದೇ ತೋಟಾವನ್ನು ಮತ್ತೆ ಮತ್ತೆ ಮೇಲಿಟ್ಟು ಮನೆಗೆ ಸೇರಿಸುತ್ತಿದ್ದರೆ, ಪ್ರತಿ ಸಲದ ಏಟಿಗೂ ಗುಂಡು ಚಿಪ್ಪಿನೊಳಕ್ಕೆ ಸ್ವಲ್ಪ ಸ್ವಲ್ಪ ಕುಸಿಯಬಹುದು. ಒಳಗಿನ ಜಾಗ ಕಿರಿದಾದಷ್ಟೂ ಹಾರುವಾಗಿನ ಒತ್ತಡ ಏರುತ್ತದೆ. ಹೊಸ ತೋಟಾದ ಪಕ್ಕದಲ್ಲಿಟ್ಟು ನೋಡಿ, ಗಿಡ್ಡದಾಗಿ ಕಂಡದ್ದನ್ನು ಬೇರೆ ತೆಗೆದಿಡತಕ್ಕದ್ದು. ಟ್ರಿಗರನ್ನೆಳೆದರೂ ಹಾರದ ತೋಟಾವನ್ನು ಒಡನೆ ಹೊರತೆಗೆಯಬಾರದು. ಅರ್ಧ ನಿಮಿಷ ನಳಿಗೆಯನ್ನು ಗುರಿಯ ಕಡೆಗೇ ಹಿಡಿದಿದ್ದು ಆಮೇಲೆ ತೆಗೆಯಬೇಕು.

ನಮ್ಮಲ್ಲಿ ಆಯುಧಪೂಜೆಯ ದಿನ ಬೀರುವಿನಿಂದ ಹೊರಬಂದು ಅರಿಶಿನ ಕುಂಕುಮ ಹಚ್ಚಿಸಿಕೊಳ್ಳುವ ರಿವಾಲ್ವರುಗಳೂ ಉಂಟು. ತಂದೆಯ ಕಾಲದಿಂದ ಬರಿದಾಗಿಯೇ ಇದೆಯೆಂಬ ಮಾತು ಮನೆಯಲ್ಲಿ ರೂಢವಾಗಿರುತ್ತದೆ. ಸುತ್ತಲೂ ಮಕ್ಕಳು. ಪೀಠದ ಮೇಲಿಡುವ ಮೊದಲು ಯಜಮಾನನು ಒಬ್ಬನೇ ಬೇರೆ ಕೊಠಡಿಯಲ್ಲಿ ಅದನ್ನು ತೆರೆದು, ಆರು ಮನೆಗಳ ಮೂಲಕವೂ ಬೆಳಕನ್ನು ನೋಡಿ, ತೆರೆದಂತೆಯೇ ತಂದಿಡುವುದು ಮೇಲು. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದೊಳಗಿರಲಿ. ಸಂಭ್ರಮಕ್ಕೆಂದು ಆಕಾಶಕ್ಕೆ ಹಾರಿಸುವ ಚಾಳಿಯಂತೂ ಕೂಡದು. 1959ರ ಆಯುಧಗಳ ಕಾನೂನಿಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಹಾಗೆ ಹಾರಿಸಿದವನಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಉಂಟು.

ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಆಯುಧ ಹೋಗುವಾಗ, ಕೊಡುವವರು ತೆರೆದು ತೋರಿಸಿ ಕೊಡತಕ್ಕದ್ದು. ತೆಗೆದುಕೊಳ್ಳುವವರು ಅದನ್ನು ಈಗತಾನೆ ಕಂಡಿದ್ದರೂ ತಾವು ಇನ್ನೊಮ್ಮೆ ನೋಡತಕ್ಕದ್ದು. ಹಿರಿಯರು ಕೊಟ್ಟಾಗ ಮತ್ತೆ ಪರೀಕ್ಷಿಸುವುದು ಅವಿನಯವೆಂಬ ಸಂಕೋಚ ನಮ್ಮವರಲ್ಲಿ ಕಾಣುತ್ತದೆ. ಕೊಡುವ ಹಿರಿಯರೇ ‘ನೀನೂ ನೋಡಪ್ಪ’ ಎಂದು ಹೇಳಿದರೆ ಆ ಸಂಕೋಚ ಉಳಿಯುವುದಿಲ್ಲ.