ಕಾವಲುಗಾರನ ಕೈಹಿಡಿದ ಮಗು

(ಶತಮಾನೋತ್ಸವ ವರ್ಷದ ಪ್ರಾರಂಭೋತ್ಸವದಂದು ಧರ್ಮಕೇಂದ್ರದ ಸಭಾಂಗಣದಲ್ಲಿ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬುತ್ತಿರುವ ಈ ಶುಭ ವರ್ಷದಲ್ಲಿ ಗೋಪುರಕ್ಕೆ ಬಣ್ಣ ಬಳಿಸುವುದೂ ಪೀಠವನ್ನು ಅಲಂಕರಿಸುವುದೂ ಯುಕ್ತವೇ. ಆದರೆ ಈ ಗೋಪುರದ ನೆರಳಿನಲ್ಲಿಯೇ ಬೆಳೆಯುತ್ತಿದ್ದರೂ ನಮ್ಮ ಅಂಗಳಕ್ಕೆ ಕಾಲಿಡಲು ಅಂಜುವ ಬಡ ಮಕ್ಕಳಿಗಾಗಿ ನಾವೇನು ಮಾಡಲಿದ್ದೇವೆ? ಬರುವ ಬೇಸಿಗೆಯ ರಜೆಯಲ್ಲಿ ಹತ್ತು ದಿನಗಳ ಕಾಲ ನಮ್ಮ ಶಾಲೆಯ ಆವರಣದಲ್ಲಿ ಅವರಿಗೊಂದು ಶಿಬಿರ ನಡೆಯಬೇಕು, ಅದರಲ್ಲಿ ಪೊಲೀಸ್ ಬಂಧುಗಳು ಅವರಿಗೆ ಅಣ್ಣಂದಿರೂ ಅಕ್ಕಂದಿರೂ ಆಗಿ ನಿಲ್ಲಬೇಕು ಎಂಬುದು ನನ್ನ ಬಿನ್ನಹ. ಈ ಮಾತು ಹೊರಬಿದ್ದಂದಿನಿಂದ ಹಲವರು ನನ್ನಲ್ಲಿಗೆ ಬಂದು ಸಂಶಯ ತೋಡಿಕೊಂಡಿದ್ದಾರೆ. ಆದುದರಿಂದ ನನ್ನ ಮನಸ್ಸಿನಲ್ಲಿರುವುದನ್ನು ಇಂದು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಗದ್ದಲ ಮಾಡುವ ಮಕ್ಕಳನ್ನು ಪೊಲೀಸರ ಹೆಸರು ಹೇಳಿ ಹೆದರಿಸುವ ಅಭ್ಯಾಸ ನನಗಿತ್ತು. ಒಂದು ಹಬ್ಬದ ರಾತ್ರಿ, ತೇರಿನ ಮೆರವಣಿಗೆಯ ಜನಸಂದಣಿಯಲ್ಲಿ ಕೂಲಿಯವರ ಗುಡಿಸಲಿನ ಏಳು ವರ್ಷದ ಬಾಲಕನೊಬ್ಬ ತಪ್ಪಿಸಿಕೊಂಡ. ಬಂದೋಬಸ್ತಿಗೆ ಬಂದಿದ್ದ ಕಾನ್‌ಸ್ಟೇಬಲ್ ಒಬ್ಬರು ಟಾರ್ಚು ಹಿಡಿದು, ಅವನ ಹೆಸರು ಕೂಗುತ್ತ, ಊಟವನ್ನೂ ಬಿಟ್ಟು ನಡುರಾತ್ರಿಯವರೆಗೆ ಹುಡುಕಿದರು. ಅವರು ಕೂಗಿದಷ್ಟೂ ಆ ಮಗು ಗಂಟೆಗೋಪುರದ ಮೆಟ್ಟಿಲ ಕೆಳಗೆ ಇನ್ನಷ್ಟು ಒಳಕ್ಕೆ ಸರಿದು ಮುದುಡಿ ಕುಳಿತಿತ್ತು. ಬೆಳಗಿನ ಪೂಜೆಗೆ ಗಂಟೆ ಬಾರಿಸಲು ಹೋದವನ ಕಣ್ಣಿಗೆ ಅವನು ಬಿದ್ದ. ಏಕೆ ಓಗೊಡಲಿಲ್ಲವೆಂದು ಕೇಳಿದರೆ, "ಗಲಾಟೆ ಮಾಡಿದ್ರೆ ಪೊಲೀಸ್ರಿಗೆ ಹಿಡ್ಕೊಡ್ತೀನಿ ಅಂತ ನೀವೇ ಹೇಳಿದ್ರಲ್ಲ, ಸ್ವಾಮಿ" ಎಂದ. ಪ್ರಿಯರೇ, ಆ ರಾತ್ರಿ ಮಗುವಿಗೂ ಅದರ ರಕ್ಷಕನಿಗೂ ನಡುವೆ ಗೋಡೆಯನ್ನು ಕಟ್ಟಿದವನು ನಾನು. ಅಂದಿನಿಂದ ಆ ಮಾತು ನನ್ನ ಬಾಯಿಂದ ಬಂದಿಲ್ಲ. ಆದರೆ ಅದು ನಮ್ಮ ಎಷ್ಟು ಮನೆಗಳಲ್ಲಿ ಇಂದಿಗೂ ಕೇಳಿಬರುತ್ತಿಲ್ಲ?

ಖಾಕಿಗೆ ಮಗು ಹೆದರುತ್ತದೆಂಬುದನ್ನು ನಮ್ಮ ಕಾನೂನೇ ಅರಿತಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯಿದೆಯ ಪ್ರಕಾರ, ಮಗುವಿನ ಹೇಳಿಕೆ ಬರೆದುಕೊಳ್ಳುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಕೂಡದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಕೂಡದು. 2015ರ ಬಾಲನ್ಯಾಯ ಕಾಯಿದೆಯು ಪ್ರತಿಯೊಂದು ಠಾಣೆಯಲ್ಲಿಯೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೊಬ್ಬರು ಇರಬೇಕೆಂದು ವಿಧಿಸಿದೆ. ತಪ್ಪುದಾರಿ ಹಿಡಿದ ಮಗುವನ್ನು ಕೂಡ ಲಾಕಪ್ಪಿಗೆ ಹಾಕಬಾರದೆಂದಿದೆ. ಆದರೆ ಕಾಗದದ ಮೇಲಿನ ಈ ಕರುಣೆ ಮಗುವಿನ ಅನುಭವಕ್ಕೆ ಬರುವುದು ಹೇಗೆ? ಸಂಕಟ ಒದಗಿದ ದಿನ ಅಪರಿಚಿತನನ್ನು ಯಾವ ಮಗುವೂ ನಂಬಲಾರದು. ಪರಿಚಯ ಅದಕ್ಕೆ ಮುಂಚೆಯೇ ಆಗಿರಬೇಕು.

ಇದು ಹೊಸ ಪ್ರಯೋಗವೇನೂ ಅಲ್ಲ. 1914ರಲ್ಲಿ ನ್ಯೂಯಾರ್ಕ್ ನಗರದ ಪೊಲೀಸ್ ಕಮಿಷನರ್ ಆರ್ಥರ್ ವುಡ್ಸ್ ಅವರು, ಆಡಲು ತಾವಿಲ್ಲದ ಬಡ ಮಕ್ಕಳಿಗಾಗಿ ಬೀದಿಗಳನ್ನೇ ವಾಹನಗಳಿಗೆ ಮುಚ್ಚಿಸಿ ಆಟದ ಬಯಲು ಮಾಡಿಕೊಟ್ಟರು. ಅಲ್ಲಿಂದ ಬೆಳೆದ ಪೊಲೀಸ್ ಕ್ರೀಡಾಸಂಘವು ನೂರು ವರ್ಷ ದಾಟಿಯೂ ಮಕ್ಕಳ ಸೇವೆ ಮಾಡುತ್ತಿದೆ. ನಮ್ಮ ನೆರೆಯ ಕೇರಳದಲ್ಲಿ 2010ರಲ್ಲಿ 'ಸ್ಟೂಡೆಂಟ್ ಪೊಲೀಸ್ ಕೆಡೆಟ್' ಯೋಜನೆ ಆರಂಭವಾಯಿತು. ಪೊಲೀಸರೂ ತರಬೇತಿ ಪಡೆದ ಶಿಕ್ಷಕರೂ ಜತೆಗೂಡಿ ಪ್ರೌಢಶಾಲೆಯ ಮಕ್ಕಳಿಗೆ ಕವಾಯತು, ಕಾನೂನಿನ ತಿಳಿವಳಿಕೆ, ರಸ್ತೆ ಸುರಕ್ಷತೆ ಕಲಿಸುತ್ತಾರೆ. ಓಣಂ, ಕ್ರಿಸ್ಮಸ್ ಹಾಗೂ ಬೇಸಿಗೆಯ ರಜೆಗಳಲ್ಲಿ ಶಿಬಿರಗಳನ್ನು ನಡೆಸುತ್ತಾರೆ. 2018ರಲ್ಲಿ ಕೇಂದ್ರ ಸರಕಾರ ಇದನ್ನು ದೇಶಕ್ಕೆಲ್ಲ ವಿಸ್ತರಿಸಿತು. ನಮ್ಮ ಕರ್ನಾಟಕದ ಶಾಲೆಗಳಿಗೂ ಅದು ಬಂದಿದೆ.

ಇನ್ನು ನಮ್ಮ ಸಂತ ಜಾನ್ ಬೋಸ್ಕೊ ಅವರನ್ನು ಮರೆಯಬಹುದೇ? 1855ರಲ್ಲಿ ಟ್ಯೂರಿನ್ನಿನ ಬಾಲಬಂದೀಖಾನೆಯ ಮುನ್ನೂರಕ್ಕೂ ಹೆಚ್ಚು ಹುಡುಗರನ್ನು ಅವರು ಒಂದು ದಿನದ ವಿಹಾರಕ್ಕೆ ಕರೆದೊಯ್ದ ಕಥೆಯನ್ನು ಅವರ ಚರಿತ್ರಕಾರರು ಹೇಳಿದ್ದಾರೆ. ಮಂತ್ರಿಗಳು ಕಾವಲುಗಾರರನ್ನು ಕಳುಹಿಸುವೆನೆಂದರೂ ಸಂತರು ಒಪ್ಪಲಿಲ್ಲ. ಸಂಜೆಗೆ ಒಬ್ಬನೂ ತಪ್ಪದೆ ಎಲ್ಲರೂ ಹಿಂದಿರುಗಿದರಂತೆ. ಬೇಲಿ ಮಾಡಲಾರದ್ದನ್ನು ವಿಶ್ವಾಸ ಮಾಡಿತು.

ಈಗ ನಿಮ್ಮ ಸಂಶಯಗಳ ವಿಷಯ. 'ಅಂಥ ಮಕ್ಕಳ ಜತೆ ನಮ್ಮ ಮಕ್ಕಳು ಕೆಟ್ಟಾರು' ಎಂದು ಕೆಲವರು ಹೇಳಿದಿರಿ. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು ಕೆಟ್ಟವರನ್ನು ನಾನು ಕಂಡಿಲ್ಲ. 'ಪೊಲೀಸರು ಮಕ್ಕಳ ಬಾಯಿಂದ ಮನೆಯ ಗುಟ್ಟು ಹೊರಡಿಸಿಯಾರು' ಎಂದು ಗುಡಿಸಲಿನ ತಾಯಿಯೊಬ್ಬಳು ಕೇಳಿದಳು. ಆ ಭಯ ನ್ಯಾಯವಾದುದು. ಅವಳ ಮನೆಯವರು ಠಾಣೆಯಲ್ಲಿ ಏನೇನು ಕಂಡಿದ್ದಾರೋ ಅವಳೇ ಬಲ್ಲಳು. ಆದುದರಿಂದ ಅಧಿಕಾರಿಗಳ ಮುಂದೆಯೇ ಕೆಲವು ನಿಯಮಗಳನ್ನು ಹೇಳುತ್ತೇನೆ. ಮೊದಲ ದಿನಗಳಲ್ಲಿ ಸಮವಸ್ತ್ರ ಬೇಡ. ಆಡಿ, ಉಂಡು, ಹೆಸರು ಕಲಿತ ಮೇಲೆ ಅದನ್ನು ಧರಿಸಿ ಬರಲಿ. ಮನೆಯವರ ವಿಚಾರಣೆ ಶಿಬಿರದ ಗೇಟಿನ ಒಳಗೆ ಬರಕೂಡದು. ಯಾವ ಹಿರಿಯರೂ, ಗುರುವಾದ ನಾನೂ ಸೇರಿ, ಮಗುವಿನೊಡನೆ ಮರೆಯಲ್ಲಿ ಒಂಟಿಯಾಗಿರಕೂಡದು. ಹೆಣ್ಣುಮಕ್ಕಳ ಗುಂಪಿಗೆ ಮಹಿಳಾ ಪೊಲೀಸರೇ ಇರಬೇಕು. ಮತಭೇದವಿಲ್ಲದೆ ಎಲ್ಲ ಮಕ್ಕಳಿಗೂ ಪ್ರವೇಶವಿರಬೇಕು. ಹತ್ತು ದಿನ ಕಳೆದ ಮೇಲೂ ತಿಂಗಳಿಗೊಮ್ಮೆ ಆ ಅಣ್ಣ, ಆ ಅಕ್ಕ ಬಂದು ತಮ್ಮ ಮಕ್ಕಳನ್ನು ಕಾಣಬೇಕು. ಬಂದು, ನಗಿಸಿ, ಮರೆತುಹೋಗುವವರನ್ನು ಬಡವರ ಮಕ್ಕಳು ಬೇಕಾದಷ್ಟು ಕಂಡಿದ್ದಾರೆ.

ಪೊಲೀಸ್ ಬಂಧುಗಳೇ, ನಿಮಗೂ ಒಂದು ಮಾತು. ಅಧಿಕಾರ ಕೈಯಲ್ಲಿದ್ದವನೊಬ್ಬನು ಕಾಯಿಲೆ ಬಿದ್ದ ತನ್ನ ಸೇವಕನಿಗಾಗಿ ಪ್ರಭುವಿನ ಮುಂದೆ ತಲೆಬಾಗಿದ. ಆ ಶತಾಧಿಪತಿಯ ದೈನ್ಯದ ಮಾತು ಇಂದಿಗೂ ಪ್ರತಿಯೊಂದು ಬಲಿಪೂಜೆಯಲ್ಲಿ, ಪರಮಪ್ರಸಾದಕ್ಕೆ ಮುನ್ನ, ನಮ್ಮ ನಾಲಗೆಯ ಮೇಲಿದೆ. ಬಲವುಳ್ಳವನು ಬಲಹೀನನಿಗಾಗಿ ಬೇಡಿದಾಗ ಪ್ರಭುವೇ ಬೆರಗಾದರು. ಆ ಗೌರವ ನಿಮ್ಮ ವೃತ್ತಿಗೂ ಸಲ್ಲಬಹುದು.

ಹಬ್ಬದ ಸಿಡಿಮದ್ದಿಗೆ ತೆಗೆದಿರಿಸಿದ ಹಣವನ್ನು ಈ ಶಿಬಿರದ ಊಟಕ್ಕೆ ಕೊಡಬೇಕೆಂದು ಧರ್ಮಕೇಂದ್ರದ ಪಾಲನಾ ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ಸಿಡಿಮದ್ದಿನ ಬೆಳಕು ಕ್ಷಣಮಾತ್ರದ್ದು. ಮುಂದೊಂದು ಹಬ್ಬದ ರಾತ್ರಿ ದಾರಿ ತಪ್ಪಿದ ಮಗು ಕತ್ತಲೆಯಲ್ಲಿ ಅಡಗದೆ, ಟಾರ್ಚು ಹಿಡಿದವನ ಕಡೆಗೆ ಓಡಿಬಂದರೆ, ನಮ್ಮ ಶತಮಾನೋತ್ಸವ ಸಾರ್ಥಕವಾಯಿತೆಂದು ತಿಳಿಯುತ್ತೇನೆ. ಮಕ್ಕಳನ್ನು ತನ್ನ ಬಳಿಗೆ ಕರೆದ ಪ್ರಭು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.