ಮಕ್ಕಳ ಕಿವಿಗೆ ಕನ್ನಡದ ಕಥೆ ಬೀಳಲಿ!

(ಯುವ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ ಬಂತೆಂದರೆ ನಾವು ಗಲ್ಲಿಗಲ್ಲಿಗೆ ಧ್ವನಿವರ್ಧಕ ಕಟ್ಟುತ್ತೇವೆ. ಹಾಡು ಹಾಕುತ್ತೇವೆ, ಭಾಷಣ ಬಿಗಿಯುತ್ತೇವೆ, ಘೋಷಣೆ ಕೂಗುತ್ತೇವೆ. ಬೇಡವೆನ್ನುವುದಿಲ್ಲ. ಆದರೆ ಆ ಕಂಬದ ಕೆಳಗೆ ಐಸ್‌ಕ್ಯಾಂಡಿ ಚೀಪುತ್ತಾ ನಿಂತ ಎಂಟು ವರ್ಷದ ಹುಡುಗನಿಗೆ ಅದರಲ್ಲಿ ಏನಿದೆ? ಅವನಿಗೆ ಬೇಕಾದದ್ದು ಕಥೆ! ಅದಕ್ಕೇ ಇವತ್ತು ನನ್ನ ಮಾತು ಕಿವಿಯಿಂದ ಓದುವ ಪುಸ್ತಕದ ಬಗ್ಗೆ. ಆಡಿಯೋ ಪುಸ್ತಕ ಅನ್ನಿ, ಕೇಳುಪುಸ್ತಕ ಅನ್ನಿ, ಹೆಸರು ಯಾವುದಾದರೇನು.

ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮನೆಗಳ ಮಕ್ಕಳನ್ನೇ ನೋಡಿ. ಅಮ್ಮನ ಹತ್ತಿರ ಅಚ್ಚಕನ್ನಡದಲ್ಲಿ ಜಗಳವಾಡುತ್ತವೆ. ಕೈಗೆ ಕನ್ನಡ ಪುಸ್ತಕ ಕೊಟ್ಟರೆ ಒಂದೊಂದೇ ಅಕ್ಷರ ಕೂಡಿಸುತ್ತವೆ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತವೆ, ಸಾಲು ಮುಗಿಯುವಷ್ಟರಲ್ಲಿ ಕಥೆಯೇ ಮರೆತುಹೋಗಿರುತ್ತದೆ. "ಇವಕ್ಕೆ ಕನ್ನಡ ಬರೋಲ್ಲ" ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಯಾಕೆ ಬರೋಲ್ಲ? ಕಿವಿಗೆ ಬರುತ್ತದೆ, ಕಣ್ಣಿಗೆ ಇನ್ನೂ ಬಂದಿಲ್ಲ, ಅಷ್ಟೆ.

ಗದುಗಿನ ಕುಮಾರವ್ಯಾಸ 15ನೇ ಶತಮಾನದಲ್ಲಿ ಬರೆದ ಭಾರತ ಅಕ್ಷರ ಬಾರದ ರೈತನ ನಾಲಿಗೆಯ ಮೇಲೂ ಉಳಿದದ್ದು ಹೇಗೆ? ಗಮಕಿಗಳು ವಾಚಿಸಿದರು, ಪಕ್ಕದಲ್ಲಿ ಕೂತವರು ಅರ್ಥ ಬಿಡಿಸಿದರು, ಊರು ಕೇಳಿತು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಬಾನುಲಿ ಶುರುಮಾಡಿದರು. ಒಬ್ಬ ಮೇಷ್ಟ್ರು, ಒಂದು ಮನೆ! ಇವತ್ತು ನಮ್ಮ ಪ್ರತಿಯೊಬ್ಬರ ಜೇಬಿನಲ್ಲೂ ಧ್ವನಿ ಹಿಡಿಯುವ ಯಂತ್ರವಿದೆ. ನಾವು ಅದರಲ್ಲಿ ಮಾಡುತ್ತಿರುವುದೇನು?

ಕೇಳಿದರೆ ಮಗುವಿಗೆ ಏನು ಸಿಗುತ್ತದೆ? ಮೊದಲು ಉಚ್ಚಾರ. 'ಹುಳಿ'ಗೂ 'ಹುಲಿ'ಗೂ ಇರುವ ವ್ಯತ್ಯಾಸವನ್ನು ಕರಿಹಲಗೆಯ ಮೇಲೆ ಹತ್ತು ಸಲ ಬರೆಸಿದರೂ ಹತ್ತದ್ದು, ಕಥೆಯೊಳಗೆ ಹುಲಿ ಗರ್ಜಿಸಿದಾಗ ಒಂದೇ ಸಲಕ್ಕೆ ಹತ್ತುತ್ತದೆ. ಆಮೇಲೆ, ನಾವು ಆಡುವುದು 'ಹೋಗ್ತಾನೆ', ಪುಸ್ತಕದಲ್ಲಿರುವುದು 'ಹೋಗುತ್ತಾನೆ'. ಈ ಪುಸ್ತಕದ ಕನ್ನಡ ಕಿವಿಗೆ ಪರಿಚಯವಾದ ಮಗು ಅಚ್ಚಿನ ಪುಟ ಕಂಡು ಹೆದರುವುದಿಲ್ಲ. ಇನ್ನೊಂದಿದೆ, ನನಗೆ ಇದೇ ದೊಡ್ಡದು: ಬೆಂಗಳೂರಿನ ಮಗು ಧಾರವಾಡದ ಕನ್ನಡ ಕೇಳಬೇಕು, ಕುಂದಾಪುರದ್ದು ಕೇಳಬೇಕು, ಕಲಬುರಗಿಯದ್ದು ಕೇಳಬೇಕು. ಕಥೆ ಓದುವವರ ಊರಿನ ಧಾಟಿ ಕೇಳಿಸಿದರೆ ಕಿಸಕ್ಕೆನ್ನುವ ನಮ್ಮ ಕೆಟ್ಟ ಚಾಳಿ ಮಕ್ಕಳಿಗೆ ಅಂಟದಿರಲಿ.

ಕಥೆ ಮುಗಿದ ಕೂಡಲೇ "ನೀತಿ ಏನು? ಐದು ಪ್ರಶ್ನೆಗೆ ಉತ್ತರ ಬರಿ" ಎಂದಿರೋ, ಕೆಟ್ಟಿತು! ಅದೂ ಒಂದು ಪರೀಕ್ಷೆಯಾಯಿತು. ಮಗು ನಕ್ಕರೆ ಸಾಕು. ಅದೇ ಕಥೆ ಹತ್ತನೇ ಸಲ ಬೇಕೆಂದರೆ ಹತ್ತನೇ ಸಲ ಹಾಕಿ. ಪುಸ್ತಕ ಎದುರಿಗಿದ್ದರೆ ಬೆರಳು ತಾನಾಗಿ ಸಾಲಿನ ಮೇಲೆ ಓಡತೊಡಗುತ್ತದೆ. ಮೊಬೈಲನ್ನು ಮಗುವಿನ ಕೈಗೆ ಕೊಡಬೇಡಿ. ಸಣ್ಣ ಸ್ಪೀಕರಿಗೆ ಜೋಡಿಸಿ ಮೂಲೆಯಲ್ಲಿಡಿ.

ಕಥೆ ಎಲ್ಲಿಂದ ತರುವುದು? ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರ ಮಕ್ಕಳ ಕಥೆಗಳನ್ನು ಯಾರು ಬೇಕಾದರೂ ಓದಿ ಧ್ವನಿ ಮುದ್ರಿಸಬಹುದು, ಯಾರನ್ನೂ ಕೇಳಬೇಕಾಗಿಲ್ಲ. ರಾಜರತ್ನಂ 1979ರಲ್ಲಿ, ಕುವೆಂಪು 1994ರಲ್ಲಿ ತೀರಿಕೊಂಡವರು. ಅವರದ್ದಕ್ಕೆ ಒಪ್ಪಿಗೆ ಪಡೆಯಲೇಬೇಕು. ಕನ್ನಡದ ಅಭಿಮಾನ ಕದಿಯುವುದಕ್ಕೆ ರಹದಾರಿಯಲ್ಲ! ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ 'ಸ್ಟೋರಿವೀವರ್'ನಲ್ಲಿ ಕನ್ನಡದ ಸಚಿತ್ರ ಕಥೆಗಳಿವೆ. ಬರೆದವರ, ಚಿತ್ರ ಬಿಡಿಸಿದವರ, ಅನುವಾದಿಸಿದವರ ಹೆಸರು ಹೇಳಿ ಮುಕ್ತವಾಗಿ ಬಳಸಬಹುದು.

ಸ್ಟುಡಿಯೋ ಬೇಡ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬಟ್ಟೆ ತುಂಬಿದ ಬೀರು ತೆರೆದು ಅದರ ಮುಂದೆ ಕೂತು ಓದಿ. ಗೋಡೆಯ ಗುಂಯ್‌ಗುಡುವಿಕೆ ಕಡಿಮೆಯಾಗುತ್ತದೆ. ಒಂದು ಕಥೆ ಏಳೆಂಟು ನಿಮಿಷ ಮೀರದಿರಲಿ. ನಾಟಕದ ಅಬ್ಬರ ಬೇಡ, ತಂಗಿಗೆ ಹೇಳುವ ಹಾಗೆ ಹೇಳಿ. ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಮೇಷ್ಟ್ರನ್ನು ಹೋಗಿ ಕಂಡು, ಮಧ್ಯಾಹ್ನದ ಊಟವಾದ ಮೇಲಿನ ಹತ್ತು ನಿಮಿಷ ಕೇಳಿಕೊಳ್ಳಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಸೇರೋಣ. ಬರುವವರು ಒಂದು ಕಥೆಯನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡು ಬನ್ನಿ.